ತಲೆ ಸವೆದ ತಿರುಪು, ತಡವರಿಸುವ ಕಾರ್ಬ್ಯುರೇಟರ್: ಹಳೆಯ ಬೈಕಿನ ರಿಪೇರಿ ಹಂತ ಹಂತವಾಗಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಹಳೆಯ ಬೈಕು ಇನ್ನೂ ದುಡಿಯುವ ಗಾಡಿ. ಡೇರಿಗೆ ಹಾಲಿನ ಕ್ಯಾನು, ಗದ್ದೆಗೆ ಗೊಬ್ಬರದ ಚೀಲ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಕಾಯುವವರಿಗೆ ಬುತ್ತಿ ಎಲ್ಲವೂ ಅದರ ಮೇಲೆಯೇ ಹೋಗುತ್ತವೆ. ಇವುಗಳಲ್ಲಿ ಯೆಜ್ಡಿ ನಮ್ಮ ಮೈಸೂರು ಜಿಲ್ಲೆಯಲ್ಲೇ ಹುಟ್ಟಿದ್ದು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕೆಲಸ ಶುರು ಮಾಡಿದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕು ತಯಾರಿಸಿ 1996ರಲ್ಲಿ ಮುಚ್ಚಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಹೀರೋ ಹೋಂಡಾ ಸಿಡಿ 100 ಗಾಡಿಗಳೂ ಇನ್ನೂ ಅಲ್ಲಲ್ಲಿ ಓಡುತ್ತಿವೆ.

2020ರ ಏಪ್ರಿಲ್ 1ರಂದು ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಇಂಧನ ಇಂಜೆಕ್ಷನ್ ಬಂತು. ಹೀಗಾಗಿ ಜೆಟ್, ಫ್ಲೋಟ್ ಬಿಚ್ಚಿ ಕೈ ಪಳಗಿದ ಮೆಕ್ಯಾನಿಕ್‌ಗಳು ವಿರಳವಾಗುತ್ತಿದ್ದಾರೆ. ಗಾಡಿಯ ಮಾಲೀಕರೇ ನಾಲ್ಕು ವಿಷಯ ತಿಳಿದಿರಬೇಕಾದ ಕಾಲ ಇದು. ಮೊದಲಿಗೆ ನೆನಪಿಡಬೇಕಾದ ಮಾತೊಂದಿದೆ: ಹಳೆಯ ಬೈಕಿಗೆ ಓಡಾಟಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಅವಸರದ ಬಿಚ್ಚಾಟದಿಂದ.

ಬಿಚ್ಚುವ ಮೊದಲು ಇಷ್ಟು ನೋಡಿ

ಗಾಡಿ ಸ್ಟಾರ್ಟ್ ಆಗದಿದ್ದರೆ ತಪ್ಪನ್ನು ಕಾರ್ಬ್ಯುರೇಟರ್ ಮೇಲೆ ಹಾಕುವುದು ವಾಡಿಕೆ. ಬಹಳ ಸಲ ದೋಷ ಬೇರೆಡೆ ಇರುತ್ತದೆ.

1. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ ರಂಧ್ರದಿಂದ ದೂರ ಹಿಡಿಯಿರಿ. ಗಟ್ಟಿಯಾದ ನೀಲಿ ಕಿಡಿ ಬರಬೇಕು. ಬಾರದಿದ್ದರೆ ಪ್ಲಗ್, ಪಾಯಿಂಟ್, ಕಾಯಿಲ್ ನೋಡಿ. ಜಾವಾ, ಯೆಜ್ಡಿಯಲ್ಲಿ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇರಬೇಕು.

2. ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದ ಮೇಲೆ ಸರಿ ಹೋದರೆ ದೋಷ ಅಲ್ಲೇ ಇದೆ.

3. ಪೆಟ್ರೋಲ್ ಪೈಪ್ ಕಳಚಿ ಕಾಕ್ ತಿರುಗಿಸಿ. ಧಾರೆ ಸಲೀಸಾಗಿ ಬರಬೇಕು. ತೊಟ್ಟಿಕ್ಕಿದರೆ ಕಾಕ್‌ನ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ಕೂತಿದೆ.

4. ಏರ್ ಫಿಲ್ಟರ್ ತೆಗೆದು ನೋಡಿ. ಹೊಲದ ದಾರಿಯ ಕೆಂಧೂಳು ಅದನ್ನು ಬೇಗ ಕಟ್ಟಿಸುತ್ತದೆ.

ಈ ನಾಲ್ಕೂ ಸರಿಯಿದ್ದರೆ ಮಾತ್ರ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳಿ.

ತಿರುಪು ಏಕೆ ಹಿಡಿದುಕೊಳ್ಳುತ್ತದೆ?

ಕವರ್ ಮತ್ತು ಎಂಜಿನ್ ಕೇಸ್ ಅಲ್ಯೂಮಿನಿಯಂ, ತಿರುಪು ಉಕ್ಕು. ಮಳೆನೀರು ಸೇರಿದರೆ ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಥ್ರೆಡ್ ಸಂದಿನಲ್ಲಿ ತುಂಬಿ ತಿರುಪನ್ನು ಕಚ್ಚಿ ಹಿಡಿಯುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಮಳೆಗಾಲವಿಡೀ ಸೂರಿಲ್ಲದೆ ನಿಂತ ಗಾಡಿಯಲ್ಲಿ ಇದು ಸಾಮಾನ್ಯ.

ತಲೆ ಸವೆಯಲು ಇನ್ನೊಂದು ಕಾರಣ ಹೊಂದದ ಸ್ಕ್ರೂ ಡ್ರೈವರ್. ಆರ್‌ಎಕ್ಸ್ 100, ಸಿಡಿ 100ರಂಥ ಜಪಾನಿ ಮೂಲದ ಗಾಡಿಗಳ ಸ್ಟಾರ್ ತಿರುಪು ಜೆಐಎಸ್ ಎಂಬ ಅಳತೆಯದು. ಅನೇಕ ಕಡೆ ತಲೆಯ ಮೇಲೆ ಸಣ್ಣ ಚುಕ್ಕಿ ಇರುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟಾರ್ ಡ್ರೈವರಿನ ತುದಿ ಅದರ ತಳ ಮುಟ್ಟುವುದಿಲ್ಲ. ಬಲ ಹಾಕಿದೊಡನೆ ಮೇಲೆದ್ದು ಅಂಚು ಕೆರೆಯುತ್ತದೆ. ಜೆಐಎಸ್ ತುದಿಯ ಡ್ರೈವರ್ ಒಂದನ್ನು ಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಜಾವಾ, ಯೆಜ್ಡಿ ಕವರ್‌ಗಳ ಒಂದೇ ಗೀರಿನ ತಿರುಪಿಗೆ ಗೀರಿನ ಉದ್ದ, ದಪ್ಪ ಎರಡಕ್ಕೂ ಸರಿಯಾಗಿ ಕೂರುವ ಅಗಲ ಫ್ಲಾಟ್ ಡ್ರೈವರ್ ಬೇಕು.

ತಿರುಪು ಬಿಚ್ಚುವ ಕ್ರಮ

ಸುಲಭದ ಉಪಾಯದಿಂದ ಶುರು ಮಾಡಿ, ಅದು ಸೋತರೆ ಮಾತ್ರ ಮುಂದಿನದಕ್ಕೆ ಹೋಗಿ.

1. ಶುಚಿ ಮಾಡಿ. ದಬ್ಬಳದ ತುದಿಯಿಂದ ಗೀರಿನೊಳಗಿನ ಮಣ್ಣು, ಗ್ರೀಸ್, ಬಣ್ಣ ಕೆದಕಿ ತೆಗೆಯಿರಿ. ಡ್ರೈವರ್ ತಳದವರೆಗೆ ಇಳಿಯಬೇಕು.

2. ಎಣ್ಣೆ ಹಾಕಿ ಕಾಯಿರಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ತಲೆಯ ಸುತ್ತ ಹೊಡೆದು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ರಾತ್ರಿ ಹಾಕಿ ಬೆಳಿಗ್ಗೆ ಬಿಚ್ಚುವುದು ಒಳ್ಳೆಯದು.

3. ಮೊದಲು ಸ್ವಲ್ಪ ಬಿಗಿ ಮಾಡಿ. ಕೂದಲೆಳೆಯಷ್ಟು ಬಿಗಿ ಮಾಡಿ ನಂತರ ಸಡಿಲಿಸಿದರೆ ಕಚ್ಚಿದ ಪುಡಿ ಒಡೆಯುತ್ತದೆ. ಡ್ರೈವರನ್ನು ಎದೆಯ ಭಾರದಿಂದ ಒತ್ತಿ ಹಿಡಿದೇ ತಿರುಗಿಸಿ.

4. ಇಂಪ್ಯಾಕ್ಟ್ ಡ್ರೈವರ್ ಬಳಸಿ. ಸುತ್ತಿಗೆ ಏಟು ಬಿದ್ದಾಗ ಒತ್ತುತ್ತಲೇ ತಿರುಗುವ ಉಪಕರಣ ಇದು. ಬಿಚ್ಚುವ ದಿಕ್ಕಿಗೆ ಸೆಟ್ ಮಾಡಿ ಒಂದೆರಡು ಗಟ್ಟಿ ಏಟು ಕೊಡಿ. ಇದು ಎಂಜಿನ್ ಕವರ್‌ಗೆ ಮಾತ್ರ. ಕಾರ್ಬ್ಯುರೇಟರಿಗೆ ಬಳಸಿದರೆ ಅದರ ತೆಳು ಎರಕ ಸೀಳಿಹೋಗುತ್ತದೆ.

5. ಶಾಖ ಕೊಡಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲಾಗುತ್ತದೆ. ಬಟ್ಟೆಗೆ ಕುದಿನೀರು ಸುರಿದು ಕೇಸಿಗೆ ಸುತ್ತಿ, ಇಲ್ಲವೇ ಹಾಟ್ ಏರ್ ಗನ್ ಹಿಡಿಯಿರಿ. ಹಾಟ್ ಏರ್ ಗನ್ ಬಳಸುವ ಮುನ್ನ ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಕಳಚಿ ದೂರ ಇಡಬೇಕು, ಹಚ್ಚಿದ ಎಣ್ಣೆಯನ್ನೂ ಒರೆಸಬೇಕು. ಕಾರ್ಬ್ಯುರೇಟರಿನ ತಿರುಪಿಗೆ ಬೆಂಕಿ ಬೇಡವೇ ಬೇಡ. ಪೆಟ್ರೋಲ್ ಪೂರ್ತಿ ಆರಿದ ಮೇಲೆ ರೇಡಿಯೋ ರಿಪೇರಿಯ ಸೋಲ್ಡರಿಂಗ್ ಐರನ್ ತುದಿಯನ್ನು ತಿರುಪಿನ ತಲೆಗೆ ಒಂದೆರಡು ನಿಮಿಷ ಒತ್ತಿ ಹಿಡಿದರೆ ಸಾಕು. ಹೆಚ್ಚಿನ ಹಳೆಯ ಕಾರ್ಬ್ಯುರೇಟರುಗಳ ಮೈ ಸತುವಿನ ಮಿಶ್ರಲೋಹ. ಅದು 400 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ.

6. ತಲೆ ಸವೆದಿದ್ದರೆ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಡ್ರೈವರ್ ತುದಿಗೆ ಹಚ್ಚಿ. ಅದರ ಮರಳು ಹರಳು ಜಾರುವುದನ್ನು ತಡೆಯುತ್ತದೆ. ಆಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಹೊಸ ಗೀರು ಕೊಯ್ಯಿರಿ. ತಲೆ ಹೊರಗೆ ಉಬ್ಬಿದ್ದರೆ ಲಾಕಿಂಗ್ ಪ್ಲೈಯರ್ ಹಿಡಿಸಿ ತಿರುಗಿಸಬಹುದು. ತಲೆಯ ಅಂಚಿಗೆ ಉಳಿ ಇಟ್ಟು ಬಿಚ್ಚುವ ದಿಕ್ಕಿಗೆ ಓರೆಯಾಗಿ ಹೊಡೆಯುವುದು ಹಳೆಯ ಮೇಸ್ತ್ರಿಗಳ ದಾರಿ. ಎಂಜಿನ್ ಕವರ್ ತಿರುಪಿಗೆ ಅದು ಇವತ್ತಿಗೂ ನಡೆಯುತ್ತದೆ.

7. ತಲೆ ಡ್ರಿಲ್ ಮಾಡಿ. 6 ಮಿ.ಮೀ. ತಿರುಪಾದರೆ ಸೆಂಟರ್ ಪಂಚ್ ಹೊಡೆದು, ಮೊದಲು 3 ಮಿ.ಮೀ., ನಂತರ 6 ಮಿ.ಮೀ. ಬಿಟ್ ಇಳಿಸಿ. ತಲೆ ಕಳಚಿ ಬಂದರೆ ಕವರ್ ಸಲೀಸಾಗಿ ಹೊರಬರುತ್ತದೆ. ತಲೆಯ ಎಳೆತ ತಪ್ಪಿದ್ದರಿಂದ ಉಳಿದ ತುಂಡು ಪ್ಲೈಯರಿಗೆ ಸುಲಭವಾಗಿ ಸಿಗುತ್ತದೆ.

8. ತುಂಡು ಒಳಗೇ ಮುರಿದಿದ್ದರೆ ನಟ್ಟನಡುವೆ ರಂಧ್ರ ಕೊರೆದು ಎಡಸುತ್ತಿನ ಎಕ್ಸ್‌ಟ್ರಾಕ್ಟರ್ ಹಾಕಬೇಕು. ಜೋರು ಮಾಡಬೇಡಿ. ಎಕ್ಸ್‌ಟ್ರಾಕ್ಟರ್ ಬಹಳ ಗಡಸು ಉಕ್ಕು. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು. ಅನುಮಾನವಿದ್ದರೆ ಇಲ್ಲೇ ನಿಲ್ಲಿಸಿ, ಎಂಜಿನ್ ಕೇಸನ್ನು ಟ್ರ್ಯಾಕ್ಟರ್ ಕೆಲಸ ಮಾಡುವ ಲೇತ್ ಅಂಗಡಿಗೆ ಒಯ್ಯಿರಿ. ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ಬಿಚ್ಚುವ ಕೆಲಸ ಅಲ್ಲಿ ಆಗುತ್ತದೆ.

ಥ್ರೆಡ್ ಹೋಗಿದ್ದರೆ

6 ಮಿ.ಮೀ. ತಿರುಪಿನ ಥ್ರೆಡ್ ಮಣ್ಣು ತುಂಬಿದ್ದರೆ 6 × 1 ಟ್ಯಾಪ್ ಇಳಿಸಿ ಶುಚಿ ಮಾಡಿದರೆ ಸಾಕು. ಪೂರ್ತಿ ಕಿತ್ತುಹೋಗಿದ್ದರೆ ಹೆಲಿಕಾಯಿಲ್ ಹಾಕಿಸಿ. ಉಕ್ಕಿನ ಆ ಸುರುಳಿ ಹಳೆಯ ಥ್ರೆಡ್‌ಗಿಂತ ಗಟ್ಟಿ. ಎಂ-ಸೀಲ್ ತುಂಬಿ ತಿರುಪು ಕೂರಿಸುವುದು ಬೇಡ, ಮುಂದಿನ ರಿಪೇರಿಗೆ ಕೇಸೇ ಉಳಿಯುವುದಿಲ್ಲ.

ಮತ್ತೆ ಜೋಡಿಸುವಾಗ ಹಳೆಯ ತಿರುಪು ಬಿಟ್ಟು ಅಲೆನ್ ತಿರುಪು ಹಾಕಿ. ಥ್ರೆಡ್‌ಗೆ ತಾಮ್ರದ ಗ್ರೀಸನ್ನು ತೆಳುವಾಗಿ ಸವರಿ. ಎಲ್ಲವನ್ನೂ ಕೈಯಲ್ಲೇ ಕೂರಿಸಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ. ಅಲೆನ್ ಕೀಗೆ ಪೈಪ್ ಸಿಕ್ಕಿಸಿ ಬಿಗಿಯುವುದು ಬೇಡ.

ಕಾರ್ಬ್ಯುರೇಟರ್ ಶುಚಿ ಮಾಡುವ ಕ್ರಮ

ಬಯಲಲ್ಲಿ, ಗಾಳಿಯಾಡುವ ಜಾಗದಲ್ಲಿ ಕೂತು ಕೆಲಸ ಮಾಡಿ. ಒಲೆ ಉರಿಯುವ ಬ್ಯಾರನ್ ಜಗಲಿಯಲ್ಲಿ, ಬೀಡಿ ಸೇದುವವರ ಪಕ್ಕದಲ್ಲಿ ಪೆಟ್ರೋಲ್ ತೆರೆಯಲೇಬಾರದು.

1. ಕಾಕ್ ಮುಚ್ಚಿ, ಫ್ಲೋಟ್ ಬಟ್ಟಲಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರವೋ ಗುಂಡುಗುಂಡಾದ ಹನಿಗಳೋ ಕಂಡರೆ ಅದು ನೀರು. ಟ್ಯಾಂಕನ್ನೂ ಶುಚಿ ಮಾಡಬೇಕು.

2. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸೂಜಿಯ ಕ್ಲಿಪ್ ಎಷ್ಟನೇ ಗೀರಿನಲ್ಲಿತ್ತು, ಏರ್ ಸ್ಕ್ರೂ ಪೂರ್ತಿ ಒಳಗೆ ಹೋಗಲು ಎಷ್ಟು ಸುತ್ತು ಬೇಕಾಯಿತು, ಬರೆದಿಡಿ.

3. ಬಟ್ಟಲು ಅಂಟಿಕೊಂಡಿದ್ದರೆ ಡ್ರೈವರ್ ತೂರಿಸಿ ಎಬ್ಬಿಸಬೇಡಿ. ಮರದ ಹಿಡಿಯಿಂದ ಸುತ್ತ ತಟ್ಟಿ. ಫ್ಲೋಟಿನ ಪಿನ್ ಹಿಡಿದ ಎರಡು ಕಿವಿಗಳು ಸುಲಭವಾಗಿ ಮುರಿಯುತ್ತವೆ, ಪಿನ್ನನ್ನು ಸಡಿಲವಿರುವ ಕಡೆಗೆ ಮೆಲ್ಲಗೆ ತಳ್ಳಿ.

4. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಫ್ಲೋಟ್ ಸೂಜಿಯ ತುದಿಯಲ್ಲಿ ಉಂಗುರದಂತೆ ಗುರುತು ಬಿದ್ದಿದ್ದರೆ ಬದಲಿಸಿ. ಗಾಡಿ ನಿಂತಾಗ ಪೆಟ್ರೋಲ್ ಸೋರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

5. ಜೆಟ್‌ಗಳು ಹಿತ್ತಾಳೆ. ಸರಿ ಅಳತೆಯ ಡ್ರೈವರಿನಿಂದಲೇ ಬಿಚ್ಚಿ. ಪೈಲಟ್ ಜೆಟ್ಟಿನ ರಂಧ್ರ ಸುಮಾರು ಕಾಲು ಮಿಲಿಮೀಟರ್ ಇರುತ್ತದೆ. ಅದನ್ನು ಬೆರಳ ತುದಿಯಲ್ಲಿ ಹಿಡಿದು ಆಕಾಶದತ್ತ ಎತ್ತಿ ಒಂದು ಕಣ್ಣು ಮುಚ್ಚಿ ನೋಡಿ. ದುಂಡನೆಯ ಬೆಳಕಿನ ಚುಕ್ಕಿ ಕಾಣಬೇಕು. ಮಸುಕಾಗಿದ್ದರೆ ಅಥವಾ ಅರ್ಧಚಂದ್ರದಂತೆ ಕಂಡರೆ ಕಸ ಇನ್ನೂ ಇದೆ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಪಿನ್ನು, ಉಕ್ಕಿನ ತಂತಿ ಹಾಕಿದರೆ ರಂಧ್ರ ದೊಡ್ಡದಾಗಿ ಜೆಟ್ಟಿನ ಅಳತೆಯೇ ಕೆಡುತ್ತದೆ.

6. ರಬ್ಬರ್ ಭಾಗ, ಫ್ಲೋಟ್ ಎಲ್ಲ ತೆಗೆದ ಮೇಲೆ ಮೈಯ ಒಳದಾರಿಗಳಿಗೆ ಕ್ಲೀನರ್ ಸ್ಪ್ರೇ ಹೊಡೆಯಿರಿ. ಒಂದು ರಂಧ್ರಕ್ಕೆ ಹೊಡೆದದ್ದು ಇನ್ನೊಂದರಲ್ಲಿ ಹೊರಬರಬೇಕು. ಕಣ್ಣಿಗೆ ಕನ್ನಡಕ ಇರಲಿ. ಪಂಕ್ಚರ್ ಅಂಗಡಿಯ ಗಾಳಿ ಸಿಕ್ಕರೆ ಇನ್ನೂ ಒಳ್ಳೆಯದು.

7. ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ. ಸ್ಲೈಡಿನ ಓರೆ ಕತ್ತರಿಸಿದ ಭಾಗ ಏರ್ ಫಿಲ್ಟರ್ ಕಡೆಗಿರಲಿ. ಆಕ್ಸಿಲೇಟರ್ ತಿರುಗಿಸಿ ಬಿಟ್ಟರೆ ಸ್ಲೈಡ್ ಟಕ್ಕೆಂದು ಕೆಳಗೆ ಬೀಳಬೇಕು. ಅದನ್ನು ನೋಡದೆ ಕಿಕ್ ಹೊಡೆಯಬೇಡಿ.

ಟ್ಯೂನಿಂಗ್

ಗಾಡಿಯನ್ನು ಎರಡು ಮೂರು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ. ಏರ್ ಸ್ಕ್ರೂ ಪೂರ್ತಿ ಒಳಗೆ ಹಾಕಿ, ಒತ್ತದೆ, ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಐಡ್ಲಿಂಗ್ ಸ್ವಲ್ಪ ಏರಿಸಿ, ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಆಚೀಚೆ ತಿರುಗಿಸಿ. ಎಂಜಿನ್ ಅತಿ ಸಲೀಸಾಗಿ, ವೇಗವಾಗಿ ತಿರುಗುವ ಜಾಗದಲ್ಲಿ ನಿಲ್ಲಿಸಿ ಐಡ್ಲಿಂಗ್ ಇಳಿಸಿ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದು, ಒಳಗೆ ತಿರುಗಿಸಿದರೆ ಪೆಟ್ರೋಲ್ ಪ್ರಮಾಣ ಹೆಚ್ಚುತ್ತದೆ. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲಿನದು, ಹೊರಗೆ ತಿರುಗಿಸಿದರೆ ಹೆಚ್ಚುತ್ತದೆ.

ಲಕ್ಷಣ ನೋಡಿ ದೋಷ ಹುಡುಕಿ

- ಐಡ್ಲಿಂಗ್ ನಿಲ್ಲದು, ಚೋಕ್ ಹಾಕಿದರೆ ಮಾತ್ರ ಓಡುತ್ತದೆ: ಪೈಲಟ್ ಜೆಟ್ ಕಟ್ಟಿದೆ.
- ಅರ್ಧ ಆಕ್ಸಿಲೇಟರ್‌ನಲ್ಲಿ ತಡವರಿಕೆ: ಸೂಜಿಯ ಕ್ಲಿಪ್ ನೋಡಿ. ಕ್ಲಿಪ್ ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ.
- ಪೂರ್ತಿ ತಿರುಗಿಸಿದಾಗ ಎಳೆತ ಇಲ್ಲ: ಮೇನ್ ಜೆಟ್, ಕಾಕ್ ನೋಡಿ.
- ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಜೋರಾಗಿಯೇ ತಿರುಗುತ್ತದೆ: ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವೆ ಗಾಳಿ ಸೇರುತ್ತಿದೆ. ಗ್ಯಾಸ್ಕೆಟ್, ರಬ್ಬರ್ ಸೀಳಿರಬಹುದು.
- ಟೂ ಸ್ಟ್ರೋಕ್ ಗಾಡಿಯಲ್ಲಿ ಎಷ್ಟು ಶುಚಿ ಮಾಡಿದರೂ ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ಇಳಿಕೆ: ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಕಾರ್ಬ್ಯುರೇಟರ್ ಬಿಚ್ಚಿ ಪ್ರಯೋಜನವಿಲ್ಲ.

ಕೊನೆಯ ತೀರ್ಪು ಪ್ಲಗ್ ಕೊಡುತ್ತದೆ. ಹತ್ತಾರು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ. ಕಾಫಿ ಬಣ್ಣವಿದ್ದರೆ ಸರಿ, ಕಪ್ಪು ಹಸಿ ಮಸಿಯಾದರೆ ಪೆಟ್ರೋಲ್ ಹೆಚ್ಚು, ಸುಣ್ಣದ ಬಿಳುಪಾದರೆ ಕಡಿಮೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಬಿಳುಪು ಅಪಾಯದ ಸೂಚನೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಲ್ಲಿ ಎರಡೂ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗಬಹುದು. ಹಳೆಯ ಜಾವಾಗೆ 25 ಭಾಗ ಪೆಟ್ರೋಲಿಗೆ 1 ಭಾಗ ಆಯಿಲ್, ಅಂದರೆ ಲೀಟರಿಗೆ 40 ಮಿ.ಲೀ. ಬೇಕು.

ಎಥನಾಲ್ ಬೆರೆತ ಪೆಟ್ರೋಲ್

ಶೇ 20ರಷ್ಟು ಎಥನಾಲ್ ಇರುವ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮಿಶ್ರಣವನ್ನು ತೆಳುವಾಗಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪ್, ಒ-ರಿಂಗ್‌ಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ. ಪ್ಲಗ್ ಬಿಳುಪಾಗುತ್ತಿದ್ದರೆ ಸೂಜಿಯನ್ನು ಒಂದು ಗೀರು ಎತ್ತರಿಸಿ. ಹೊಗೆಸೊಪ್ಪು ಹದ ಮಾಡುವ ತಿಂಗಳುಗಳಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಕಾಕ್ ಮುಚ್ಚಿ, ಫ್ಲೋಟ್ ಬಟ್ಟಲು ಬರಿದು ಮಾಡಿ ಇಡಿ.

ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಸರಿ ಅಳತೆಯ ಎರಡು ಡ್ರೈವರ್, ಒಂದು ಇಂಪ್ಯಾಕ್ಟ್ ಡ್ರೈವರ್, ಒಂದು ಡಬ್ಬಿ ಸ್ಪ್ರೇ, ಒಂದು ನೋಟ್‌ಬುಕ್ ಸಾಕು. ಬಿಚ್ಚಿದ ದಿನ, ಜೆಟ್ ನಂಬರ್, ಏರ್ ಸ್ಕ್ರೂ ಸುತ್ತು ಅದರಲ್ಲಿ ಬರೆಯುತ್ತಾ ಹೋಗಿ. ಮನೆಯ ಹುಡುಗರನ್ನೂ ಹುಡುಗಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ತಿರುಪು ಮಿಸುಕದಿದ್ದರೆ ಆ ದಿನಕ್ಕೆ ಕೆಲಸ ನಿಲ್ಲಿಸಿ, ಎಣ್ಣೆ ಹಾಕಿ, ಮರುದಿನ ಮತ್ತೆ ಹಿಡಿಯಿರಿ.