ಎಂಟನೇ ತರಗತಿಗೆ ಒಂದು ಸಫಾರಿ: ನಾಲ್ಕು ಅವಧಿಗಳ ಬೋಧನಾನುಭವ

ಇಂಟರ್ನ್‌ಶಿಪ್‌ನ ಮೂರನೇ ವಾರ ನನ್ನ ಪಾಲಿಗೆ ಬಂದ ಘಟಕ ಎಂಟನೇ ತರಗತಿ ವಿಜ್ಞಾನದ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’. ಪುಸ್ತಕದಲ್ಲಿ ಉದಾಹರಣೆಯಾಗಿ ಕೊಟ್ಟಿರುವುದು ಮಧ್ಯಪ್ರದೇಶದ ಪಂಚಮಢಿ ಜೀವಗೋಳ ಮೀಸಲು. ಭದ್ರಾವತಿಯ ಮಕ್ಕಳಿಗೆ ಪಂಚಮಢಿ ಒಂದು ಹೆಸರು ಮಾತ್ರ. ಹಿಂದಿನ ವರ್ಷ ಇದೇ ಘಟಕ ಮಾಡಿದ ಸಹಪಾಠಿಯೊಬ್ಬರು, ಮಕ್ಕಳು ‘ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಜೀವಗೋಳ ಮೀಸಲು’ ವ್ಯತ್ಯಾಸವನ್ನು ಕೋಷ್ಟಕದಂತೆ ಬಾಯಿಪಾಠ ಮಾಡಿ ಒಪ್ಪಿಸಿದರು ಎಂದು ಹೇಳಿದ್ದರು. ಹಾಗಾಗಬಾರದೆಂದು ಇಡೀ ಘಟಕವನ್ನು ಒಂದು ಸಫಾರಿ ಪ್ರವಾಸವಾಗಿ ಕಟ್ಟೋಣ ಎಂದುಕೊಂಡೆ. ಮೊದಲು ಆಫ್ರಿಕಾ, ಆಮೇಲೆ ತ್ಯಾವರೆಕೊಪ್ಪ, ಕೊನೆಗೆ ನಮ್ಮ ಭದ್ರಾ ಕಾಡು. ಯೋಜನೆಯಲ್ಲಿ ಮೂರು ಅವಧಿ ಇದ್ದವು. ನಾಲ್ಕನೆಯದು ಹೇಗೆ ಸೇರಿತು ಎಂಬುದನ್ನು ಹೇಳಲೆಂದೇ ಈ ಲೇಖನ.

ಪೂರ್ವಜ್ಞಾನ ಪರೀಕ್ಷಿಸಲು ‘ಸಫಾರಿ ಎಂದರೇನು?’ ಎಂದು ಕೇಳಿದೆ. “ನಮ್ಮ ಮಾವ ಮದ್ವೆಗೆ ಹಾಕ್ಕೊಂಡಿದ್ರಲ್ಲ, ಆ ಡ್ರೆಸ್ಸು ಮಿಸ್” ಎಂದ ಒಬ್ಬ. ಇಡೀ ತರಗತಿ ನಕ್ಕಿತು. ನಾನು ಪದ ಸ್ವಾಹಿಲಿ ಭಾಷೆಯದು, ಅರ್ಥ ಪ್ರಯಾಣ ಎನ್ನುತ್ತಿದ್ದಂತೆ ಮನೆಯಲ್ಲಿ ಉರ್ದು ಮಾತಾಡುವ ಹುಡುಗನೊಬ್ಬ ಎದ್ದು, “ಸಫರ್ ಅಂದ್ರೂ ಅದೇ ಅಲ್ವಾ ಮಿಸ್?” ಎಂದ. ಎರಡೂ ಪದಗಳ ಮೂಲ ಅರಬ್ಬೀ. ಇದು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ. ಆರಂಭಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಲೂ ಇರಲಿಲ್ಲ.

ಮೊದಲ ಅವಧಿಯಲ್ಲಿ ಬೆಂಚುಗಳನ್ನು ಎರಡು ಸಾಲು ಜೀಪುಗಳಂತೆ ಜೋಡಿಸಿದೆವು. ಕಪ್ಪುಹಲಗೆಯ ಮೇಲೆ ಟಾಂಜಾನಿಯಾದ ಸೆರೆಂಗೆಟಿ ಮತ್ತು ಅದಕ್ಕೆ ಅಂಟಿಕೊಂಡ ಕೀನ್ಯಾದ ಮಸಾಯಿ ಮಾರಾದ ನಕ್ಷೆ ಬರೆದೆ. ಸಫಾರಿಯ ನಿಯಮಗಳನ್ನು ನಾನೇ ಹೇಳದೆ, ಪ್ರತಿ ನಿಯಮಕ್ಕೂ ಕಾರಣ ಊಹಿಸಲು ಗುಂಪುಗಳಿಗೆ ಬಿಟ್ಟೆ. ಏಕೆ ಜೀಪಿನಿಂದ ಇಳಿಯಬಾರದು, ಏಕೆ ಗಾಢ ಬಣ್ಣದ ಬಟ್ಟೆ ಬೇಡ, ಏಕೆ ಬೆಳಗಿನ ಜಾವ ಅಥವಾ ಸಂಜೆಯೇ ಹೊರಡುತ್ತಾರೆ? ಕೊನೆಯ ಪ್ರಶ್ನೆಗೆ ಒಬ್ಬಳು, “ಮಧ್ಯಾಹ್ನ ನಮ್ಮನೆ ನಾಯಿನೂ ಏಳಲ್ಲ ಮಿಸ್, ನೆಲ ತಣ್ಣಗಿರೋ ಕಡೆ ಮಲಗಿರತ್ತೆ” ಎಂದಳು. ದೇಹದ ಉಷ್ಣತೆಯ ನಿಯಂತ್ರಣದ ಬಗ್ಗೆ ನಾನು ತಯಾರಿಸಿಕೊಂಡಿದ್ದ ಎರಡು ಚಾರ್ಟ್‌ಗಳು ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ.

ವಲಸೆಯನ್ನು ಇಲ್ಲಿ ಕಲಿಸುವುದು ಸುಲಭವಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆ ಜೀಬ್ರಾಗಳು, ಮಳೆ ಬಿದ್ದು ಹುಲ್ಲು ಚಿಗುರಿದ ದಿಕ್ಕಿಗೆ ಪ್ರತಿ ವರ್ಷ ಸುತ್ತು ಹಾಕುತ್ತವೆ; ದಾರಿಯಲ್ಲಿ ಮಾರಾ ನದಿಯನ್ನು ಮೊಸಳೆಗಳ ನಡುವೆ ದಾಟುತ್ತವೆ. ಅವು ನಡುವಿನ ದೇಶದ ಗಡಿ ನೋಡುವುದಿಲ್ಲ ಎಂದಾಗ, ಎರಡು ದೇಶಗಳ ಉದ್ಯಾನಗಳು ಏಕೆ ಅಕ್ಕಪಕ್ಕ ಇರಬೇಕು ಎಂಬುದು ಮಕ್ಕಳಿಗೆ ತಾನಾಗಿ ಗೊತ್ತಾಯಿತು. ‘ಬಿಗ್ ಫೈವ್’ ಬಗ್ಗೆಯೂ ಹೇಳಿದೆ: ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ. ಇದು ಮೊದಲು ಬೇಟೆಗಾರರ ಪಟ್ಟಿ, ನೆಲದ ಮೇಲೆ ನಿಂತು ಬೇಟೆಯಾಡಲು ಅತಿ ಅಪಾಯಕಾರಿಯಾದ ಐದು ಪ್ರಾಣಿಗಳದ್ದು. ಕೀನ್ಯಾ 1977ರಲ್ಲಿ ಬೇಟೆ ನಿಷೇಧಿಸಿದ ಮೇಲೂ ಪಟ್ಟಿ ಉಳಿಯಿತು. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ಅವಧಿಯ ಕೊನೆಗೆ ಚಿತ್ರ ಬರೆಯಿಸಿದಾಗ ಆರು ಮಕ್ಕಳು ಆಫ್ರಿಕಾದ ಹುಲ್ಲುಗಾವಲಿನಲ್ಲಿ ಹುಲಿ ಬಿಡಿಸಿದ್ದರು. ಕಾಡಿನ ಹುಲಿ ಏಷ್ಯಾದ್ದು ಮಾತ್ರ ಎಂದು ನಾನು ಎಲ್ಲೂ ಹೇಳಿರಲಿಲ್ಲ. ಅದು ಮಕ್ಕಳ ತಪ್ಪಲ್ಲ.

ಎರಡನೆಯದು ಕ್ಷೇತ್ರ ಭೇಟಿ. ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ. ದೂರದಲ್ಲಿರುವ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮ ಆರಂಭವಾದದ್ದು 1988ರಲ್ಲಿ. ನಮ್ಮ ಜಿಲ್ಲೆಯ ಬಹುತೇಕ ಮಕ್ಕಳ ಮೊದಲ ಸಫಾರಿ ಅದೇ. ಹಿಂದೆ ನಾನು ಹೋದಾಗ ಬಸ್ಸಿನಲ್ಲಿ ಎಲ್ಲರೂ ‘ಅಗೋ ಅಗೋ’ ಎಂದು ಕಿರುಚಿ, ಇಳಿದ ಮೇಲೆ ಐಸ್‌ಕ್ರೀಂ ತಿಂದು ಮರೆತದ್ದು ನೆನಪಿತ್ತು. ಆದ್ದರಿಂದ ಪ್ರತಿ ಇಬ್ಬರಿಗೆ ಒಂದು ಅವಲೋಕನ ಪಟ್ಟಿ ಕೊಟ್ಟೆ: ಹೊರಗಿನ ಆವರಣಗಳಲ್ಲಿ ಒಂದು ಪ್ರಾಣಿಯನ್ನು ಆರಿಸಿಕೊಂಡು ಇಪ್ಪತ್ತು ನಿಮಿಷ ನೋಡಬೇಕು, ಎರಡು ನಿಮಿಷಕ್ಕೊಮ್ಮೆ ಆ ಕ್ಷಣ ಅದು ಏನು ಮಾಡುತ್ತಿದೆ ಎಂದು ಮಾತ್ರ ಬರೆಯಬೇಕು. ‘ಚೆನ್ನಾಗಿದೆ’, ‘ಪಾಪ’, ‘ಭಯ ಆಯ್ತು’ ಬರೆಯುವಂತಿಲ್ಲ. ಪ್ರಾಣಿ ವರ್ತನೆಯನ್ನು ಅಧ್ಯಯನ ಮಾಡುವವರು ಬಳಸುವ ವಿಧಾನದ ಸರಳ ರೂಪ ಇದು. ಗಡಿಯಾರ ಒಬ್ಬರ ಕೈಯಲ್ಲಿ, ಪೆನ್ಸಿಲ್ ಇನ್ನೊಬ್ಬರ ಕೈಯಲ್ಲಿ.

ಫಲಿತಾಂಶ ನೋಡಲು ಬೇಸರ ತರಿಸುವಂತಿತ್ತು. ಒಂದು ಜೋಡಿಯ ಪಟ್ಟಿಯಲ್ಲಿ ಹತ್ತರಲ್ಲಿ ಒಂಬತ್ತು ಸಲ ‘ಮಲಗಿದೆ’, ಒಂದು ಸಲ ‘ಕಿವಿ ಅಲ್ಲಾಡಿಸಿತು’. ಆದರೆ ಮರುದಿನ ಎಲ್ಲ ಪಟ್ಟಿಗಳನ್ನು ಸೇರಿಸಿ ಸ್ತಂಭಾಲೇಖ ಬರೆದಾಗ ಆ ಬೇಸರದಿಂದಲೇ ಪಾಠ ಹೊರಟಿತು. ಜಿಂಕೆ ನೋಡಿದವರ ಪಟ್ಟಿಯಲ್ಲಿ ‘ಮೇಯುತ್ತಿದೆ’, ‘ತಲೆ ಎತ್ತಿ ನೋಡಿತು’ ತುಂಬಿದ್ದವು. ಸಿಂಹ, ಹುಲಿ ನೋಡಿದವರಲ್ಲಿ ನಿದ್ರೆ. ಹುಲ್ಲು ತಿನ್ನುವುದು ದಿನವಿಡೀ ತಿನ್ನಬೇಕು, ಮಾಂಸ ತಿನ್ನುವುದು ಶಕ್ತಿ ಉಳಿಸಬೇಕು ಎಂಬ ತೀರ್ಮಾನಕ್ಕೆ ಮಕ್ಕಳು ತಾವೇ ಬಂದರು. “ಅದಕ್ಕೆ ಊಟ ತಂದು ಕೊಡ್ತಾರಲ್ಲ, ಅದಕ್ಕೂ ಮಲಗಿರಬಹುದು” ಎಂದು ಒಬ್ಬ ಆಕ್ಷೇಪ ಎತ್ತಿದ. ಸರಿಯಾದ ಆಕ್ಷೇಪ. ಇಲ್ಲಿ ಹುಲಿ, ಸಿಂಹ, ಜಿಂಕೆಗಳಿಗೆ ಬೇರೆ ಬೇರೆ ಆವರಣಗಳಿವೆ. ಬೇಟೆ ಇಲ್ಲ, ಆಹಾರ ಸರಪಳಿ ಇಲ್ಲ. ಕರ್ನಾಟಕದ ಕಾಡಿನಲ್ಲಿ ಸಿಂಹವೇ ಇಲ್ಲ. ಏಷ್ಯಾದ ಸಿಂಹ ಸ್ವತಂತ್ರವಾಗಿ ಉಳಿದಿರುವುದು ಗುಜರಾತಿನ ಗಿರ್ ಸುತ್ತಮುತ್ತ ಮಾತ್ರ. ಸಂರಕ್ಷಿತ ಆವರಣಕ್ಕೂ ಆವಾಸಸ್ಥಾನಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸಬೇಕಾಗಿ ಬರಲಿಲ್ಲ.

(ಬಸ್ಸಿನ ಖರ್ಚು ಭರಿಸಲಾಗದ ಶಾಲೆಗಳಿಗೆ ಒಂದು ಮಾತು. ಇದೇ ಪಟ್ಟಿಯನ್ನು ಭೇಟಿಗೆ ಮೊದಲು ನಮ್ಮ ಜನ್ನಾಪುರದ ಕೆರೆಯ ಹತ್ತಿರ ಬೆಳ್ಳಕ್ಕಿಗಳ ಮೇಲೆ ನಾನೇ ಪ್ರಯೋಗ ಮಾಡಿ ನೋಡಿದ್ದೆ. ಬೆಳ್ಳಕ್ಕಿ ಸಿಂಹಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ.)

ಮೂರನೇ ಅವಧಿ ಭದ್ರಾ ಹುಲಿ ಮೀಸಲು ಪ್ರದೇಶ. ಆ ದಿನ ಮೆಥಡ್ ಉಪನ್ಯಾಸಕರು ಅವಲೋಕನಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಗಿ ಶುರುವಾದದ್ದು 1974ರಲ್ಲಿ ವಿಸ್ತರಿಸಿ ಭದ್ರಾ ಎಂಬ ಹೆಸರು ಪಡೆದದ್ದು, 1998ರಲ್ಲಿ ಹುಲಿ ಯೋಜನೆಗೆ ಸೇರಿದ್ದು, ಲಕ್ಕವಳ್ಳಿಯಲ್ಲಿ ಜೀಪ್ ಮತ್ತು ದೋಣಿ ಸಫಾರಿ ಇರುವುದು, ಜಲಾಶಯದ ನೀರು ಇಳಿದಾಗ ನಡುಗಡ್ಡೆಗಳಲ್ಲಿ ನದಿ ರೀವ ಹಕ್ಕಿಗಳು ಗೂಡು ಮಾಡುವುದು, ಎಲ್ಲವನ್ನೂ ಹೇಳಿದೆ. ಕೋರ್ ಪ್ರದೇಶ, ಬಫರ್ ಪ್ರದೇಶ ಎಂದು ಒಂದರೊಳಗೊಂದು ವೃತ್ತ ಬರೆದು, “ಒಳಗಿನ ವೃತ್ತದಲ್ಲಿ ಜನ ಇರಬಾರದು” ಎಂದೆ.

ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು. ಅಷ್ಟು ದಿನದಲ್ಲಿ ಅವಳು ಮಾತಾಡಿದ್ದೇ ಕಡಿಮೆ. “ಮಿಸ್, ನಮ್ಮ ಅಜ್ಜನ ಊರು ಅಲ್ಲೇ ಇತ್ತು. ಕಾಡಿಗೆ ಅಂತ ಎತ್ತಿದ್ರು. ಜನ ಇರಬಾರದು ಅಂದ್ರೆ ಮತ್ತೆ ಜೀಪಲ್ಲಿ ದುಡ್ಡು ಕೊಟ್ಟು ಹೋಗೋರು ಜನ ಅಲ್ವಾ?”

ನಾನು ಹೇಳಿದ್ದು ಇಷ್ಟು: “ಅದು ಬೇರೆ ವಿಷಯ, ಪರೀಕ್ಷೆಗೆ ಬರಲ್ಲ, ಕೂತ್ಕೊ.” ಅವಳು ಕೂತಳು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಅವಲೋಕನ ಪುಸ್ತಕದಲ್ಲಿ ವಿಷಯ ಜ್ಞಾನ, ಕಪ್ಪುಹಲಗೆ ಬಳಕೆ, ತರಗತಿ ನಿರ್ವಹಣೆ ಮೂರಕ್ಕೂ ಒಳ್ಳೆಯ ಅಂಕ ಬಂದಿತ್ತು. ಷರಾ ಕಾಲಂನಲ್ಲಿ ಒಂದೇ ಸಾಲು: “ವಿದ್ಯಾರ್ಥಿನಿಯ ಪ್ರಶ್ನೆ ಏನಾಯಿತು?”

ಆ ರಾತ್ರಿ ಉತ್ತರ ಹುಡುಕಲು ಕೂತಾಗ ಗೊತ್ತಾದದ್ದು, ನನಗೇ ಉತ್ತರ ಗೊತ್ತಿರಲಿಲ್ಲ ಎಂಬುದು. ಅದು ಪರೀಕ್ಷೆಗೆ ಬರದ ಪ್ರಶ್ನೆಯೂ ಅಲ್ಲ. 2012ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೇ ಬಂದಿದ್ದ ಪ್ರಶ್ನೆ. ಆ ವರ್ಷ ಜುಲೈನಲ್ಲಿ ನ್ಯಾಯಾಲಯ ಹುಲಿ ಮೀಸಲುಗಳ ಕೋರ್ ಪ್ರದೇಶದಲ್ಲಿ ಪ್ರವಾಸೋದ್ಯಮಕ್ಕೆ ತಾತ್ಕಾಲಿಕ ತಡೆ ಕೊಟ್ಟಿತ್ತು. ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು. ಕೋರ್ ಪ್ರದೇಶದ ಶೇ. 20ಕ್ಕಿಂತ ಹೆಚ್ಚು ಭಾಗದಲ್ಲಿ ಸಫಾರಿ ನಡೆಯಬಾರದು ಎಂಬ ಮಿತಿ ಬಂತು. ಆಫ್ರಿಕಾದಲ್ಲೂ ಇದೇ ಕಥೆ ಇತ್ತು. ನಾನು ಮೊದಲ ಅವಧಿಯಲ್ಲಿ ಅಷ್ಟು ಉತ್ಸಾಹದಿಂದ ಬರೆದ ಸೆರೆಂಗೆಟಿಯಿಂದ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು 1959ರಲ್ಲಿ ಹೊರಗೆ, ಪಕ್ಕದ ಎನ್‌ಗೊರೊಂಗೊರೊ ಪ್ರದೇಶಕ್ಕೆ ಕಳಿಸಲಾಗಿತ್ತು. ನನ್ನ ನಕ್ಷೆಯಲ್ಲಿ ವೈಲ್ಡ್‌ಬೀಸ್ಟ್ ಇತ್ತು, ಮೊಸಳೆ ಇತ್ತು, ಜೀಪು ಇತ್ತು. ಮಸಾಯಿ ಎಂಬುದು ಒಂದು ಜನಾಂಗದ ಹೆಸರು ಎಂದೂ ನಾನು ಹೇಳಿರಲಿಲ್ಲ.

ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಇನ್ನೊಂದು ಅವಧಿ ಪಡೆದೆ. ಮೊದಲು ಆ ಹುಡುಗಿಗೆ, ನಿನ್ನ ಪ್ರಶ್ನೆಯನ್ನು ನಾನು ತಳ್ಳಿಹಾಕಿದ್ದು ತಪ್ಪು ಎಂದು ಎಲ್ಲರೆದುರಿಗೇ ಹೇಳಿದೆ. ಹಿಂದಿನ ದಿನವೇ ಎಲ್ಲರಿಗೂ ಮನೆಗೆಲಸ ಕೊಟ್ಟಿದ್ದೆ: ಮನೆಯ ಹಿರಿಯರೊಬ್ಬರನ್ನು ಕೇಳಿ, ಕಾಡಿನಿಂದ ಅವರಿಗೆ ಏನು ಸಿಗುತ್ತಿತ್ತು, ಅದು ಯಾವಾಗ ನಿಂತಿತು?

ಅವಳು ಅಜ್ಜನ ಮಾತನ್ನು ಬರೆದುಕೊಂಡು ಬಂದಿದ್ದಳು. 2002ರ ಹೊತ್ತಿಗೆ ಭದ್ರಾ ಒಳಗಿನ ಹಳ್ಳಿಗಳಿಂದ 419 ಕುಟುಂಬಗಳನ್ನು ಹೊರಗಿನ ಎರಡು ಊರುಗಳಿಗೆ ಸ್ಥಳಾಂತರಿಸಲಾಯಿತು, ಅವರದ್ದು ಎಂ.ಸಿ. ಹಳ್ಳಿಗೆ ಬಂದ ಕುಟುಂಬ. “ಅಲ್ಲಿ ಗದ್ದೆಗೆ ಆನೆ, ಹಂದಿ ಬರ್ತಿದ್ವು, ರಾತ್ರಿಯೆಲ್ಲ ಕಾಯ್ಬೇಕಿತ್ತು. ಮಳೆಗಾಲದಲ್ಲಿ ಹುಷಾರಿಲ್ಲ ಅಂದ್ರೆ ಹೊತ್ಕೊಂಡೇ ಹೋಗ್ಬೇಕು. ಇಲ್ಲಿ ಜಮೀನು ಕೊಟ್ರು, ಕರೆಂಟಿದೆ, ರಸ್ತೆ ಇದೆ. ನಮ್ಮ ಚೌಡಿ ಬನ ಮಾತ್ರ ಅಲ್ಲೇ ಉಳೀತು.” ಓದಿ ಮುಗಿಸಿ ಅವಳು, “ಅಜ್ಜ ಬೈದಿಲ್ಲ ಮಿಸ್, ಸುಮ್ನೆ ಹೇಳಿದ್ರು” ಎಂದಳು.

ನಾನು ಎಣಿಸಿರದ ಇನ್ನೊಂದು ಉತ್ತರ ಕಾರ್ಖಾನೆ ಕೆಲಸಗಾರರ ಮನೆಗಳಿಂದ ಬಂತು. ಒಬ್ಬನ ಮುತ್ತಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೌದೆ ತರುತ್ತಿದ್ದರಂತೆ. 1923ರಲ್ಲಿ ಇಲ್ಲಿ ಊದುಕುಲುಮೆ ಹೊತ್ತಿಕೊಂಡಾಗ ಅದು ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲಿನ ಕಾಡಿನ ಮರದಿಂದ ಮಾಡಿದ ಇದ್ದಿಲಿನಿಂದ. ಆಮೇಲೆ ಬಂದ ಕಾಗದದ ಕಾರ್ಖಾನೆಗೆ ಬಿದಿರು ಹೋಯಿತು. ಕಪ್ಪುಹಲಗೆಯಲ್ಲಿ ‘ಕಾಡನ್ನು ಬಳಸಿದವರು’ ಎಂದು ಪಟ್ಟಿ ಮಾಡುತ್ತ ಹೋದಾಗ ಅದರಲ್ಲಿ ಒಳಗಿನ ಹಳ್ಳಿ, ದನ, ಕುಲುಮೆ, ಕಾಗದ, ಅಣೆಕಟ್ಟು, ಸಫಾರಿ ಜೀಪು ಎಲ್ಲವೂ ಬಂದವು. ಪ್ರತಿಯೊಂದಕ್ಕೂ ‘ಎಷ್ಟು ಹೊತ್ತು ಇರುತ್ತದೆ, ಏನು ತೆಗೆದುಕೊಂಡು ಹೋಗುತ್ತದೆ, ಏನು ಬಿಟ್ಟು ಹೋಗುತ್ತದೆ’ ಎಂದು ಮೂರು ಕಾಲಂ. ಜೀಪು ಗೊತ್ತಾದ ದಾರಿಯಲ್ಲಿ ಬಂದು ಹೋಗುತ್ತದೆ, ಸೌದೆ ಒಯ್ಯುವುದಿಲ್ಲ, ದನ ಮೇಯಿಸುವುದಿಲ್ಲ. ಆದರೆ ಶಬ್ದ, ಧೂಳು, ಒಂದು ಹುಲಿಯ ಸುತ್ತ ಗುಂಪುಗೂಡುವ ವಾಹನಗಳು? ಇದನ್ನು ಸೇರಿಸಿದ್ದು ತ್ಯಾವರೆಕೊಪ್ಪದಲ್ಲಿ ಹತ್ತರಲ್ಲಿ ಒಂಬತ್ತು ಸಲ ‘ಮಲಗಿದೆ’ ಬರೆದ ಜೋಡಿ: ‘ಕಿವಿ ಅಲ್ಲಾಡಿಸಿದ್ದು ಇನ್ನೊಂದು ಬಸ್ಸು ಬಂದಾಗ’ ಎಂದು ಅವರು ಪಟ್ಟಿಯ ಅಂಚಿನಲ್ಲಿ ಬರೆದುಕೊಂಡಿದ್ದರು.

ಮೌಲ್ಯಮಾಪನಕ್ಕೆ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆಯನ್ನು ಬಿಟ್ಟು, ‘ಲಕ್ಕವಳ್ಳಿಯಲ್ಲಿ ದಿನಕ್ಕೆ ಎಷ್ಟು ಜೀಪು ಬಿಡಬೇಕು ಎಂದು ನೀವು ತೀರ್ಮಾನಿಸುವುದಾದರೆ ಮೊದಲು ಏನನ್ನು ಅಳೆಯುತ್ತೀರಿ?’ ಎಂದು ಕೇಳಿದೆ. ಹೆಚ್ಚಿನವರು ಹುಲಿಗಳ ಸಂಖ್ಯೆ ಎಂದು ಬರೆದರು. ಕೆಲವರು ಜೀಪು ಬಂದಾಗ ಜಿಂಕೆ ಎಷ್ಟು ಸಲ ತಲೆ ಎತ್ತುತ್ತದೆ ಎಂದು ಬರೆದರು. ಈ ಉತ್ತರಗಳಿಗೆ ಅಂಕ ಹೇಗೆ ಕೊಡಬೇಕೆಂದು ತಿಳಿಯದೆ ರೂಬ್ರಿಕ್ಸ್ ಅನ್ನು ಎರಡು ಸಲ ತಿದ್ದಿದೆ. ಈಗಲೂ ಅದು ಸರಿಯಾಗಿದೆ ಎನ್ನಿಸಿಲ್ಲ. ಮೂರನೇ ಬೆಂಚಿನ ಹುಡುಗಿ ಉತ್ತರದ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: “ಅಜ್ಜನನ್ನು ಒಂದು ಸಲ ಜೀಪಿನಲ್ಲಿ ಕರೆದುಕೊಂಡು ಹೋಗಬೇಕು, ಟಿಕೆಟ್ ಎಷ್ಟು ಮಿಸ್?”