ಪೆನ್ಷನ್ ಬಂತು, ಇನ್ನೇನು?

ಕರ್ನಾಟಕದ ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳ ಕೊನೆಯ ದಿನ ಶಾಲು, ಹಾರ, ಎರಡು ಭಾಷಣ. ಮಾರನೇ ದಿನದಿಂದ ಫೋನು ತೆಪ್ಪಗಾಗುತ್ತದೆ. ಹೀಗೆ ಬಿಡುಗಡೆಯಾಗಿ ಮಾಕಳಿದುರ್ಗದಂಥ ಊರಿಗೆ ಈಚೆಗೆ ಮರಳಿದವರಿಗೆ ಈ ನಾಲ್ಕು ಮಾತು.

ಮೊದಲು ಅಕ್ಕಪಕ್ಕ ನೋಡಿ. ಅಲ್ಲಿ ನಿವೃತ್ತಿಯೆಂಬುದೇ ಇಲ್ಲ. ಬೆಳಗಾದರೆ ಎಪ್ಪತ್ತರ ಅಜ್ಜಿ ಕ್ಯಾನು ಹಿಡಿದು ಡೇರಿ ಮುಂದೆ ಸಾಲಿನಲ್ಲಿರುತ್ತಾಳೆ. ಫ್ಯಾಟು ನೋಡುತ್ತಾರೆ, ಡಿಗ್ರಿ ನೋಡುತ್ತಾರೆ, ಚೀಟಿ ಕೊಡುತ್ತಾರೆ. ನಿನ್ನೆಯ ಹಾಲು ಹೇಗಿತ್ತೆಂಬ ಮಾತೇ ಬರುವುದಿಲ್ಲ. ನಿನ್ನೆಯ ಚೀಟಿ ಜೇಬಿನಲ್ಲಿಟ್ಟುಕೊಂಡು ತಿರುಗುವವರು ನಾವು, ನೌಕರಿ ಮಾಡಿದವರು. ಗೇಟಿನ ಮೇಲೆ 'ನಿವೃತ್ತ ಶಿರಸ್ತೇದಾರರು' ಎಂದು ಬರೆಸುತ್ತೇವೆ. ಬರೆಸಿ, ತಪ್ಪೇನಿಲ್ಲ, ಅಂಚೆಯವನಿಗೆ ಅನುಕೂಲ.

ಕುರ್ಚಿಯ ಬೆಲೆ ಬೇರೆ, ಕೂತವರ ಬೆಲೆ ಬೇರೆ. ಇದು ಮಾಸ್ತಿ ವೆಂಕಟೇಶ ಅಯ್ಯಂಗಾರರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಹುದ್ದೆ ಹೋಯಿತು. 1943ರಲ್ಲಿ ನೌಕರಿ ಬಿಟ್ಟರು. ಮರುವರ್ಷದಿಂದಲೇ 'ಜೀವನ' ಮಾಸಪತ್ರಿಕೆಯ ಸಂಪಾದಕರಾದರು, 1965ರವರೆಗೂ ನಡೆಸಿದರು. 'ಚಿಕವೀರ ರಾಜೇಂದ್ರ' ಬಂದದ್ದು 1956ರಲ್ಲಿ. ಅದಕ್ಕೆ ಜ್ಞಾನಪೀಠ ಸಿಕ್ಕಿದ್ದು 1983ರಲ್ಲಿ, 92ರ ವಯಸ್ಸಿನಲ್ಲಿ. ನೌಕರಿ ಬಿಟ್ಟು ಆಗಲೇ 40 ವರ್ಷ! ಪ್ರಶಸ್ತಿಗೆ ಕಾದು ಕೂತಿದ್ದರೆ ಆಗುತ್ತಿತ್ತೇ? ತಿಂಗಳಾದರೆ ಪತ್ರಿಕೆ ಹೊರಡಬೇಕಿತ್ತು. ಇನ್ನೊಂದು ಮಾತು: ಅವರು ಬರೆಯಲು ಕೂತದ್ದು ನಿವೃತ್ತಿಯ ನಂತರವಲ್ಲ, ಕಚೇರಿಯ ವರ್ಷಗಳಲ್ಲೇ ಸಣ್ಣಕತೆಗಾರರೆಂದು ಹೆಸರಾಗಿದ್ದರು. ನಿಮಗೂ ಫೈಲುಗಳ ಮಧ್ಯೆ ಪಕ್ಕಕ್ಕಿಟ್ಟ ಏನಾದರೂ ಇದ್ದೇ ಇರುತ್ತದೆ, ಹುಡುಕಿ.

ಏನೂ ಸಿಗಲಿಲ್ಲವೇ? ನಿಮಗೆ ಕಾಗದಪತ್ರ ಗೊತ್ತು, ಊರಿಗೆ ಅದೇ ಬೇಕು. ಪಹಣಿಯಲ್ಲಿ ತಪ್ಪಿದ ಹೆಸರು, ಸಂಧ್ಯಾ ಸುರಕ್ಷಾ ಅರ್ಜಿ, ಮಗುವಿನ ಜಾತಿ ಪ್ರಮಾಣಪತ್ರ, ಇವಕ್ಕೆ ಜನ ದೊಡ್ಡಬಳ್ಳಾಪುರಕ್ಕೆ ಅಲೆಯುತ್ತಾರೆ. ಮಾಕಳಿದುರ್ಗದ ಕೋಟೆ ಹತ್ತಲು ರೈಲಿಳಿದು ಬರುವ ಬೆಂಗಳೂರಿನ ಹುಡುಗರಿಗೆ ಮೇಲಿನ ಶಿವನ ಗುಡಿಯ ಕತೆ ಹೇಳಬಹುದು. ಆದರೆ ಬಂದ ವಾರವೇ ದೇವಸ್ಥಾನದ ಕಮಿಟಿಗೆ ಅಧ್ಯಕ್ಷರಾಗಲು ಹೊರಡಬೇಡಿ. ಅದು ಹಳೆಯ ಕುರ್ಚಿಯ ಚಾಳಿ.

ಪ್ರತಿ ವರ್ಷ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡುತ್ತೇವಲ್ಲ, ಪೆನ್ಷನ್ ಕೊಡುವವರಿಗೆ ಬೇಕಾದ್ದು ನಾವು ಬದುಕಿದ್ದೇವೆಂಬ ಸಾಕ್ಷಿ ಅಷ್ಟೇ. ಉಳಿದ ಲೆಕ್ಕ ನಮ್ಮದೇ. ನನ್ನ ಅಳತೆ ಸುಲಭ: ನೀವು ಬಾರದ ದಿನ 'ಅವರು ಯಾಕೆ ಬರಲಿಲ್ಲ?' ಎಂದು ಒಬ್ಬರಾದರೂ ಕೇಳಬೇಕು. ಕಾಯಿಲೆಯಲ್ಲಿ ಮಲಗಿದವರಿಗೆ ಮಾತ್ರ ಈ ಲೆಕ್ಕ ಹಚ್ಚಬೇಡಿ, ಅವರು ಇದ್ದರೆ ಸಾಕು.

ಶುರು ಸಣ್ಣದಿರಲಿ. ನಾಳೆ ಹೋಗಿ, ನಿಮ್ಮ ಪಂಚಾಯಿತಿಯ ಗ್ರಂಥಾಲಯ, ಅದೇ ಅರಿವು ಕೇಂದ್ರ, ಎಷ್ಟು ಗಂಟೆಗೆ ತೆರೆಯುತ್ತದೆ, ಮಕ್ಕಳು ಯಾವಾಗ ಬರುತ್ತಾರೆ, ಕೇಳಿಕೊಂಡು ಬನ್ನಿ.