ಕೊಟ್ಟಿಗೆ ಮನೆಯ ನಾಯಿಗೆ ನಾಲ್ಕು ಮಾತಿನ ಪಾಠ



ನಮ್ಮ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಹಸು ಸಾಕಿದ ಮನೆಯಲ್ಲಿ ನಾಯಿಯೂ ಇರುವುದು ಸಾಮಾನ್ಯ. ಕೊಟ್ಟಿಗೆಯ ಕಾವಲಿಗೆ, ಹೊಲಕ್ಕೆ ಹೋಗುವಾಗ ಜೊತೆಗೆ ಅದು ಬೇಕು. ಆದರೆ ಹೇಳಿದ ಮಾತು ಕೇಳದ ನಾಯಿಯಿಂದ ಹಾಲಿಗೂ ನಷ್ಟ, ಹಸುವಿನ ಗಬ್ಬಕ್ಕೂ ಅಪಾಯ. ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಇದನ್ನು ತಪ್ಪಿಸಬಹುದು.

ನಾಯಿ ಬೊಗಳಿದರೆ ಹಾಲು ಏಕೆ ಕಡಿಮೆ?

ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಂದು ಹಾಲು ಇಳಿಯುತ್ತದೆ. ಇದರ ಪರಿಣಾಮ ಇರುವುದು ಸುಮಾರು 5ರಿಂದ 8 ನಿಮಿಷ. ಆ ಹೊತ್ತಿನಲ್ಲಿ ನಾಯಿ ಬೊಗಳಿ, ಕಾಲ ಬಳಿ ನುಗ್ಗಿದರೆ ಹಸು ಬೆದರುತ್ತದೆ. ಬೆದರಿದಾಗ ಬರುವ ಇನ್ನೊಂದು ಹಾರ್ಮೋನು ಅಡ್ರಿನಲಿನ್, ಹಾಲು ಇಳಿಯುವುದನ್ನು ತಡೆಯುತ್ತದೆ. ಕೊನೆಯಲ್ಲಿ ಹಿಂಡುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದು ಕೆಚ್ಚಲಲ್ಲೇ ಉಳಿದರೆ ಡೇರಿಯಲ್ಲಿ ಫ್ಯಾಟ್ ಕಡಿಮೆ ಬರುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

ಕಲಿಸುವ ಮೊದಲು

• ಎರಡು ತಿಂಗಳ ಮರಿಯಿಂದಲೇ ಶುರು ಮಾಡಬಹುದು. ದೊಡ್ಡ ನಾಯಿಯೂ ಕಲಿಯುತ್ತದೆ, ಸ್ವಲ್ಪ ಹೆಚ್ಚು ದಿನ ಬೇಕು ಅಷ್ಟೆ.
• ಊಟ ಹಾಕುವ ಮುಂಚೆ, ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಸಾಕು.
• ಮುದ್ದೆ, ರೊಟ್ಟಿ ಅಥವಾ ಬೇಯಿಸಿದ ಮೊಟ್ಟೆಯ ಚೂರು ಕೈಯಲ್ಲಿರಲಿ. ಕಡಲೆಕಾಳಿನಷ್ಟು ಸಾಕು. ಈರುಳ್ಳಿ, ಚಾಕೊಲೇಟ್ ಬೇಡ, ಅವು ನಾಯಿಗೆ ವಿಷ.
• ಹೇಳಿದ್ದು ಮಾಡಿದ ಕೂಡಲೇ ಚೂರು ಕೊಡಿ. ತಡವಾದರೆ ಯಾವುದಕ್ಕೆ ಕೊಟ್ಟಿರೆಂದು ಅದಕ್ಕೆ ತಿಳಿಯದು.
• ಮನೆಮಂದಿಯೆಲ್ಲ ಒಂದೇ ಪದ ಬಳಸಿ. ಬೈಲಕುಪ್ಪೆಯಲ್ಲಿ ಕನ್ನಡ, ಟಿಬೆಟನ್ ಎರಡೂ ಕಿವಿಗೆ ಬೀಳುತ್ತವೆ. ನಾಯಿಗೆ ಯಾವ ಭಾಷೆಯಾದರೂ ಸರಿ. ಆದರೆ ನೀವು ‘ಕೂರು’ ಎಂದು, ಮಗ ‘ಸಿಟ್’ ಎಂದರೆ ಅದಕ್ಕೆ ಗೊಂದಲ.
• ಹೊಡೆಯಬೇಡಿ. ಹೊಡೆತ ತಿಂದ ನಾಯಿ ಹೆದರಿ ಕಚ್ಚುವುದನ್ನು ಕಲಿಯುತ್ತದೆ.

ನಾಲ್ಕು ಮಾತು

1. ಬಾ: ಹೆಸರು ಕರೆದು ‘ಬಾ’ ಎನ್ನಿ, ಬಂದರೆ ಚೂರು ಕೊಡಿ. ಗದರಿಸಲೆಂದು ಎಂದೂ ‘ಬಾ’ ಎನ್ನಬೇಡಿ. ಮೈಸೂರು–ಮಡಿಕೇರಿ ರಸ್ತೆಯ ಪಕ್ಕದ ಊರುಗಳಲ್ಲಿ ಈ ಒಂದು ಮಾತು ನಾಯಿಯ ಜೀವವನ್ನೂ, ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಹೋಗುವವರ ಜೀವವನ್ನೂ ಉಳಿಸೀತು.

2. ಕೂರು: ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ತಲೆ ಎತ್ತಿದಾಗ ಹಿಂಭಾಗ ತಾನೇ ನೆಲಕ್ಕೆ ತಾಗುತ್ತದೆ. ಆಗ ‘ಕೂರು’ ಎಂದು ಚೂರು ಕೊಡಿ. ಬೆನ್ನು ಒತ್ತಿ ಕೂರಿಸಬೇಡಿ.

3. ಇರು: ಕೂತ ನಾಯಿಗೆ ಅಂಗೈ ತೋರಿಸಿ ‘ಇರು’ ಎಂದು ಒಂದು ಹೆಜ್ಜೆ ಹಿಂದೆ ಸರಿಯಿರಿ. ಮೂರು ಎಣಿಸಿ ವಾಪಸ್ ಬಂದು ಚೂರು ಕೊಡಿ. ದಿನದಿನಕ್ಕೆ ಹೊತ್ತನ್ನೂ ದೂರವನ್ನೂ ಹೆಚ್ಚಿಸಿ. ಇದು ಬಂದ ಮೇಲೆ ಕೊಟ್ಟಿಗೆ ಬಾಗಿಲ ಹೊರಗೆ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ‘ಇರು’ ಎನ್ನಿ. ಮೊದಲ ವಾರ ಹಾಲು ಕರೆಯದ ಹೊತ್ತಿನಲ್ಲಿ ಅಭ್ಯಾಸ ಮಾಡಿಸಿ. ಹಾಲು ಕರೆಯುವಾಗ ಶುರುವಿನಲ್ಲಿ ಹಗ್ಗದಲ್ಲಿ ಕಟ್ಟಿರಲಿ.

4. ಬಿಡು: ಮುಚ್ಚಿದ ಮುಷ್ಟಿಯಲ್ಲಿ ಚೂರು ಹಿಡಿಯಿರಿ. ನಾಯಿ ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ಮನಿರಿ. ಮೂಗು ಹಿಂದೆ ತೆಗೆದ ಕ್ಷಣ ‘ಬಿಡು’ ಎಂದು ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಆಮೇಲೆ ಚೂರನ್ನು ನೆಲದ ಮೇಲಿಟ್ಟು ಅಭ್ಯಾಸ ಮಾಡಿಸಿ.

‘ಬಿಡು’ ಏಕೆ ಮುಖ್ಯ?

ಹಸು ಕರು ಹಾಕಿದಾಗ ಸತ್ತೆಯನ್ನು ನಾಯಿ ಎಳೆದು ತಿನ್ನುವುದುಂಟು. ಆ ಹಸುವಿನಲ್ಲಿ ನಿಯೋಸ್ಪೋರಾ ಎಂಬ ಪರಾವಲಂಬಿ ಜೀವಿ ಇದ್ದರೆ ಅದು ನಾಯಿಯ ಹೊಟ್ಟೆ ಸೇರಿ, ಮಲದಲ್ಲಿ ಹೊರಬರುತ್ತದೆ. ಆ ಮಲ ತಾಗಿದ ಮೇವು, ನೀರಿನಿಂದ ಬೇರೆ ಹಸುಗಳಿಗೂ ಅಂಟಿ, ಐದಾರು ತಿಂಗಳ ಗಬ್ಬದಲ್ಲೇ ಕಂದು ಹಾಕಬಹುದು. ಇದಕ್ಕೆ ಖಚಿತ ಔಷಧಿ ಇಲ್ಲ. ನಾಯಿ ‘ಬಿಡು’ ಕಲಿತಿದ್ದರೂ ಅದನ್ನೇ ನಂಬಿ ಕೂರಬೇಡಿ. ಸತ್ತೆ, ಕಂದು ಹಾಕಿದ ಕರು ಯಾವುದನ್ನೂ ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹುಲ್ಲಿನ ಮೆದೆ ಮತ್ತು ಮೇವಿನ ತೊಟ್ಟಿಯಲ್ಲಿ ನಾಯಿ ಮಲಗಲು ಬಿಡಬೇಡಿ.

ಲಸಿಕೆ ಮರೆಯಬೇಡಿ

ಎಷ್ಟೇ ಮಾತು ಕೇಳುವ ನಾಯಿಯಾದರೂ ಹುಚ್ಚುನಾಯಿ ರೋಗದ ಲಸಿಕೆ ಬೇಕೇ ಬೇಕು. ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ಹಾಕಿಸಿ. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಹಸುವಿಗೆ ಕಚ್ಚಿದರೂ ತಡಮಾಡದೆ ಪಶುವೈದ್ಯರಿಗೆ ತಿಳಿಸಿ. ಜೊಲ್ಲು ಸುರಿಸುತ್ತಾ, ನುಂಗಲಾಗದೆ ಕೂಗುವ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುರೋಗವೂ ಆಗಿರಬಹುದು.

ಕಾಡಂಚಿನ ಊರಿನವರಿಗೆ ಇನ್ನೊಂದು ಮಾತು: ರಾತ್ರಿ ನಾಯಿಯನ್ನು ಬಯಲಲ್ಲಿ ಕಟ್ಟಬೇಡಿ. ಕಟ್ಟಿದ ನಾಯಿಯನ್ನು ಹುಡುಕಿ ಬರುವ ಚಿರತೆಗೆ ಪಕ್ಕದಲ್ಲೇ ಕರುವೂ ಸಿಗುತ್ತದೆ. ಬಾಗಿಲು ಭದ್ರವಿರುವ ಜಾಗದಲ್ಲಿ ಮಲಗಿಸಿ.

ಈ ವಾರ ‘ಬಾ’ ಮತ್ತು ‘ಕೂರು’, ಮುಂದಿನ ವಾರ ‘ಇರು’ ಮತ್ತು ‘ಬಿಡು’. ಮಕ್ಕಳನ್ನೂ ಜೊತೆಗೆ ಸೇರಿಸಿಕೊಳ್ಳಿ. ಅವರು ಬೇಗ ಕಲಿಸುತ್ತಾರೆ.